ಹನ್ನೆರಡು ಮೊಳದ ತಲೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಮಾವ ಕಡ್ಡಿ ಗೀರಿದರು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ಕರೆಂಟು. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಜುಗೂಳದ ಹೊಳೆದಂಡೆಯ ಪಂಪುಗಳಿಗೆ ತ್ರೀಫೇಸ್ ಲೈನು ಮೂರೂ ಕಾಲಿಗೆ ಬರುತ್ತಿತ್ತು. ನನ್ನ ಗಂಡ ಕಬ್ಬಿನ ಕಟಾವಿನ ಸರದಿ ಕೇಳಲು ಸಕ್ಕರೆ ಕಾರ್ಖಾನೆಗೆ ಹೋಗಿದ್ದರು. ಹಾಗಾಗಿ ಸ್ಟಾರ್ಟರ್ ಒತ್ತುವ ಕೆಲಸ ಅಂದು ನನ್ನದಾಗಿತ್ತು. ಪಂಪ್‌ಶೆಡ್ಡಿನ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದೆ. ತಲೆ ಎತ್ತಿದಾಗ ಮಾವ ಕಬ್ಬಿನ ಅಂಚಿನಲ್ಲಿ ಬಗ್ಗಿದ್ದರು. ಅವರ ಕೈಯ ಕೆಳಗೆ ಸಣ್ಣಗೆ ಹೊಗೆ ಏಳುತ್ತಿತ್ತು.

ಅದು ಕಡಿಯದ, ನಿಂತ ಕಬ್ಬು. ಅದರೊಳಗೆ ನನ್ನ ಅತ್ತೆ ಇದ್ದರು. ಜೊತೆಗೆ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಹೆಂಗಸೂ ಇದ್ದಳು. ಎಮ್ಮೆಗಳಿಗೆ ಹುಲ್ಲು ಕೊಯ್ಯಲು ಇಬ್ಬರೂ ನಡುವಿನ ನೀರಿನ ಕಾಲುವೆಯ ದಂಡೆಗುಂಟ ಒಳಗೆ ಹೋಗಿದ್ದರು.

ನಾನು ಕೂಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಧೈರ್ಯ ಬರದೆ ಹೋಗಬಹುದು. ಹೊಗೆ ಕಂಡಿತು, ಅತ್ತೆ ಒಳಗಿರುವುದು ಗೊತ್ತಿತ್ತು, ಆದರೂ ನಾನು ಸುಮ್ಮನೆ ನಿಂತೆ. ಮಾವನಿಗೆ ಗೊತ್ತಿರಲೇಬೇಕು, ಏನೋ ಲೆಕ್ಕಾಚಾರ ಇರಬೇಕು ಅಂದುಕೊಂಡೆ. ನಿಪ್ಪಾಣಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾದವಳು ನಾನು. ಕಣ್ಣ ಮುಂದಿನ ಬೆಂಕಿಗಿಂತ ಮನೆಯ ಹಿರಿಯನ ತಲೆಯ ಮೇಲೆ ಹೆಚ್ಚು ನಂಬಿಕೆ ಇಡುವಷ್ಟು ಚೆನ್ನಾಗಿ ನನ್ನನ್ನು ಆ ಮನೆ ಆರು ವರ್ಷಗಳಲ್ಲಿ ತಯಾರು ಮಾಡಿತ್ತು.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಅದನ್ನು ಸುಡುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಮೊದಲ ಕಡ್ಡಿ ಗೀರುವ ಹಕ್ಕು ತಲೆಗೆ ಪಟಕ ಸುತ್ತಿದ ಹಿರಿಯನದು, ಬೇರೆ ಯಾರೂ ಗೀರುವಂತಿಲ್ಲ. ಮೇಲಿನ ತುಂಡಿನ ರವದಿಯನ್ನು ಎರಡು ದಿನದ ಹಿಂದೆ ಮಾವನೇ ಸುಟ್ಟಿದ್ದರು. ಆ ಮಧ್ಯಾಹ್ನ ಅದೇ ಕೆಲಸಕ್ಕೆ ಮತ್ತೆ ಬಂದಿದ್ದರು. ಅಲ್ಲಿ ಬರೀ ಬೂದಿ. ಬೂದಿ ನೋಡಿಯೂ ಅವರಿಗೆ ನೆನಪಾಗಲಿಲ್ಲ. ಒಣಗರಿ ಸಿಗುವ ತನಕ ಮುಂದೆ ನಡೆದು, ಸಿಕ್ಕಲ್ಲಿ ಹಚ್ಚಿದರು.

ನಾನು ಕೊನೆಗೆ ಓಡಿದಾಗ ಕಬ್ಬು ಚಟಪಟ ಸಿಡಿಯುತ್ತಿತ್ತು.

"ಮಾವಾರ, ಅತ್ತಿ ಒಳಗದಾರ್ರಿ" ಎಂದೆ.

ಅವರು ನನ್ನ ಕಡೆ ತಿರುಗಿ, ಸಣ್ಣ ಮಕ್ಕಳಿಗೆ ತಿಳಿಹೇಳುವಂತೆ ಹೇಳಿದರು: "ಯಾಕ ಚೀರ್ತೀ? ನಿಮ್ಮ ಅತ್ತಿ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ. ಈಗ ನೋಡಿ ಬಂದ್ನಿ."

ಎಷ್ಟು ಖಚಿತವಾಗಿ ಹೇಳಿದರೆಂದರೆ, ನಾನು ತಿರುಗಿ ಮನೆಯ ಕಡೆ ನೋಡಿದೆ. ಅರ್ಧ ಗಂಟೆಯ ಹಿಂದೆ ನನ್ನ ಕೈಯಿಂದಲೇ ಚಹಾ ಕುಡಿದು, ಕುಡಗೋಲು ಹಿಡಿದು ಕಬ್ಬಿನೊಳಗೆ ಹೋದ ಹೆಂಗಸನ್ನು ಮನೆಯಲ್ಲಿ ಹುಡುಕಿದೆ. ಮೂವತ್ತು ವರ್ಷ ಆಗುತ್ತಾ ಬಂತು, ಆ ಕತ್ತು ತಿರುಗಿಸಿದ್ದು ಈಗಲೂ ನನ್ನನ್ನು ಎಬ್ಬಿಸಿ ಕೂರಿಸುತ್ತದೆ.

ಅಷ್ಟರಲ್ಲಿ ಶೆಡ್ಡಿನ ದೀಪ ಹತ್ತಿತು. ಮೂರೂ ಕಾಲು. ನಾನು ಹಿಂದಕ್ಕೆ ಓಡಿ ಸ್ಟಾರ್ಟರ್ ಒತ್ತಿದೆ. ಬೆಂಕಿ ಬಿದ್ದಾಗ ಉಪಾಯ ಮಾಡಿ ಕಾಲುವೆಗೆ ನೀರು ಬಿಟ್ಟಳು ಎಂದು ಊರವರು ಆಮೇಲೆ ನನ್ನನ್ನು ಹೊಗಳಿದರು. ಸುಳ್ಳು. ದೀಪ ಹತ್ತಿದರೆ ಗುಂಡಿ ಒತ್ತಬೇಕು ಎಂಬುದಷ್ಟೇ ಆಗ ನನ್ನ ತಲೆಯಲ್ಲಿ ಉಳಿದಿತ್ತು. ಉಪಾಯ ಮಾಡಿದವಳು ಕೂಲಿಯ ಹೆಂಗಸು. ಹೊಗೆಯ ವಾಸನೆ ಬಂದ ಕೂಡಲೇ ಅವಳು ಅತ್ತೆಯ ಸೀರೆಯ ಸೆರಗು ಹಿಡಿದು ಎಳೆದು ಕಾಲುವೆಯ ಕೆಸರಿನಲ್ಲಿ ಬೀಳಿಸಿದ್ದಳು. ಬಂದ ನೀರಿನಲ್ಲಿ ಇಬ್ಬರೂ ಹೊಟ್ಟೆಯ ಮೇಲೆ ತೆವಳಿ ಕೆಳಗಿನ ತುದಿಯಿಂದ ಹೊರಬಂದರು. ಅತ್ತೆಯ ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಕೂದಲು ಒಂದು ಪಕ್ಕ ಕರಕಲಾಗಿತ್ತು. ಸುಟ್ಟ ಬೆಲ್ಲದ ವಾಸನೆ ಹೊಲದ ತುಂಬ ಹರಡಿತ್ತು. ಈಗಲೂ ಯಾರಾದರೂ ಪಾಕ ಕಾಯಿಸಿದರೆ ನಾನು ಅಡುಗೆಮನೆಯಿಂದ ಹೊರಗೆ ಹೋಗಿ ನಿಲ್ಲುತ್ತೇನೆ.

ಮಾವ ಪಟಕ ಸರಿಮಾಡಿಕೊಳ್ಳುತ್ತ ಉರಿ ನೋಡುತ್ತಿದ್ದರು. "ಚಲೋ ಹತ್ತೈತಿ ನೋಡು. ಹಿಂಗ ಹಚ್ಚಬೇಕು" ಎಂದರು.

ಕೂಲಿಯ ಹೆಂಗಸು ಕೆಸರು ಉಗುಳಿ ನನ್ನ ಕಡೆ ನೋಡಿದಳು. "ವೈನಿ, ನಾ ಹ್ವಾದ ವರ್ಷನ ಹೇಳಿದ್ನಿಲ್ಲ?"

ಹೇಳಿದ್ದಳು. ಸತ್ತು ನಾಲ್ಕು ವರ್ಷವಾಗಿದ್ದ ಅವಳ ಗಂಡ ಇವತ್ತು ಯಾಕೆ ಕೆಲಸಕ್ಕೆ ಬಂದಿಲ್ಲ ಎಂದು ಮಾವ ವಾರಕ್ಕೆ ಎರಡು ಸಲ ಕೇಳುತ್ತಿದ್ದರಂತೆ. "ಸಾವ್ಕಾರ್ರ ತಲ್ಯಾಗ ಏನೋ ಸಡ್ಲ ಆಗೈತ್ರಿ, ಯಾರಿಗರೆ ತೋರಸ್ರಿ" ಎಂದು ಅತ್ತೆಗೆ ಹೇಳಿದಾಗ ಅತ್ತೆ ನಕ್ಕುಬಿಟ್ಟಿದ್ದರು. "ನಮ್ಮವರ ತಲ್ಯಾಗ? ಆ ತಲಿ ಎಷ್ಟ್ ದೊಡ್ಡದೈತಿ ನೋಡಿಯಿಲ್ಲ?"

ಆ ತಲೆಯ ವಿಷಯ ಹೇಳಲೇಬೇಕು.

ನಾನು ಸೊಸೆಯಾಗಿ ಹೋದ ಮನೆಯಲ್ಲಿ ಎಲ್ಲದಕ್ಕೂ ಒಂದೇ ಕಾರಣ. ಕಬ್ಬಿನ ಜೊತೆ ದ್ರಾಕ್ಷಿ ಹಾಕಿದ್ದು, ಹೊಳೆಯಿಂದ ಪೈಪ್‌ಲೈನ್ ತಂದದ್ದು, ಪಂಚಾಯಿತಿಯಲ್ಲಿ ಮಾತು ನಡೆಯುವುದು, ಎಲ್ಲ ತಲೆಯಿಂದ. ತಲೆಯ ಬುದ್ಧಿಯಿಂದ ಅಂತಲ್ಲ, ತಲೆಯ ಗಾತ್ರದಿಂದ. ಊರಿನ ಉಳಿದ ಹಿರಿಯರ ಪಟಕಕ್ಕೆ ಹತ್ತು ಮೊಳ ಬಟ್ಟೆ, ನಮ್ಮ ಮನೆಯವರಿಗೆ ಹನ್ನೆರಡು. ಇದು ಆ ಮನೆಯ ಮುಖ್ಯ ಸಾಧನೆ. ಮಾವನ ಅಪ್ಪ ತೀರಿಕೊಂಡಾಗ ಬೀಗರೆಲ್ಲ ಸೇರಿ ಅವರ ಪಟಕವನ್ನು ಮಾವನ ತಲೆಗೆ ಸುತ್ತಿದರಂತೆ, ಒಂದು ಗೇಣೂ ಉಳಿಯಲಿಲ್ಲವಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ, ಪ್ರತಿ ಸಲವೂ ಹೇಳುವವರ ಕಣ್ಣಲ್ಲಿ ನೀರಿರುತ್ತಿತ್ತು.

ನನ್ನನ್ನು ನೋಡಲು ನಿಪ್ಪಾಣಿಗೆ ಬಂದಾಗ ಅತ್ತೆ ನನಗೆ ಹೂವು ಮುಡಿಸುವ ನೆಪದಲ್ಲಿ ಎರಡೂ ಕೈಯಿಂದ ತಲೆ ಹಿಡಿದು ನೋಡಿದ್ದರು, ಸಂತೆಯಲ್ಲಿ ಕಲ್ಲಂಗಡಿ ಹಿಡಿದು ನೋಡುವ ಹಾಗೆ. ನನ್ನ ಅಪ್ಪ ತಂಬಾಕಿನ ವಖಾರಿಯಲ್ಲಿ ಗುಮಾಸ್ತ. ನಮ್ಮ ಮನೆಯಲ್ಲಿ ತಲೆಗಳು ಸಾಧಾರಣ. ಅತ್ತೆ ಮಾವನ ಕಡೆ ತಿರುಗಿ ಪಿಸುಮಾತಿನಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ತಲಿ ಸಣ್ಣದೈತ್ರಿ."

ಮಾವ ದೊಡ್ಡ ಮನಸ್ಸು ಮಾಡಿದರು. "ನಡೀತೈತಿ. ಹುಟ್ಟೂ ಕೂಸಿಗೆ ನಮ್ಮ ತಲಿ ಬರ್ತೈತಿ."

ಪರೀಕ್ಷೆಗಾಗಿ ಆನುವಂಶಿಕತೆಯ ಪಾಠದ ಬಟಾಣಿ ಗಿಡಗಳ ಎತ್ತರ ಗಿಡ್ಡದ ಲೆಕ್ಕವನ್ನು ಬಾಯಿಪಾಠ ಮಾಡಿದ್ದ ನಾನು ಆಗ ತಲೆ ತಗ್ಗಿಸಿ ಚಹಾ ಕೊಟ್ಟೆ.

ಈ ತಲೆಗೆ ಇನ್ನೊಂದು ಸಾಕ್ಷಿಯೂ ಇತ್ತು. ಮಾವ ಅವಳಿ. ಅವರ ಜೊತೆ ಹುಟ್ಟಿದ ಅಣ್ಣನನ್ನು ಮೂರನೇ ವರ್ಷಕ್ಕೆ ರಾಯಬಾಗ ತಾಲೂಕಿನ ದಿಗ್ಗೇವಾಡಿಯಲ್ಲಿದ್ದ ಮಕ್ಕಳಿಲ್ಲದ ಸೋದರತ್ತೆಗೆ ದತ್ತು ಕೊಟ್ಟಿದ್ದರು. ಒಬ್ಬರು ಇಲ್ಲಿ ಕಬ್ಬು ದ್ರಾಕ್ಷಿ ಮಾಡಿಕೊಂಡು ಬೆಳೆದರು. ಇನ್ನೊಬ್ಬರು ಅಲ್ಲಿ ಓದಿ, ಮಾಸ್ತರರಾಗಿ, ಪೆನ್ಶನ್ ತೆಗೆದುಕೊಂಡು ಮನೆಯಲ್ಲಿದ್ದರು. ಇಬ್ಬರೂ ಕೂಡಿದಾಗಲೆಲ್ಲ ದಾರ ತಂದು ತಲೆಯ ಸುತ್ತಳತೆ ನೋಡುವುದು ಪದ್ಧತಿ. ಹಣೆಯ ಮೇಲಿಂದ ಹಿಂಭಾಗಕ್ಕೆ ದಾರ ಸುತ್ತಿ, ಗಂಟು ಹಾಕಿ, ಅದನ್ನೇ ಇನ್ನೊಬ್ಬರ ತಲೆಗೆ ಇಳಿಸುತ್ತಿದ್ದರು. ಪ್ರತಿ ಸಲವೂ ಸರಿಯಾಗಿ ಕೂರುತ್ತಿತ್ತು. ಪ್ರತಿ ಸಲವೂ ಎರಡು ಮನೆಯವರೂ ಹೊಸದಾಗಿ ಏನೋ ಕಂಡವರಂತೆ ಸಂತೋಷಪಡುತ್ತಿದ್ದರು.

ಬೆಂಕಿಯಾದ ನಾಲ್ಕನೇ ದಿನ ನಮ್ಮ ಪಡಸಾಲೆಯಲ್ಲಿ ಅಣ್ಣತಮ್ಮಂದಿರೆಲ್ಲ, ಅಂದರೆ ಮನೆತನದ ದಾಯಾದಿ ಹಿರಿಯರು, ಕೂತರು. ಅತ್ತೆ ಕೈಗೆ ಪಟ್ಟಿ ಸುತ್ತಿಕೊಂಡು ಬಾಗಿಲ ಸಂದಿಯಲ್ಲಿ ಕೂತಿದ್ದರು. ನಾನು ಒಳಗಿನಿಂದ ಹೇಳಿದೆ: "ಮಾವಾರ ಕೈಯಾಗ ಕಡ್ಡಿಪೆಟಗಿ ಕೊಡಬ್ಯಾಡ್ರಿ. ಇಷ್ಟ ಸಾಕು. ಮತ್ತೇನೂ ಕೇಳೂದಿಲ್ಲ."

ಹಿರಿಯರೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದರು, "ತಲಿಮ್ಯಾಲ ಪಟಕ ಇದ್ದಾವನ ಕೈಯಾಗಿಂದ ಕಡ್ಡಿಪೆಟಗಿ ಕಸಗೊಂಡ್ರ, ಪಟಕ ಕಸಗೊಂಡಂಗ ಆತಿಲ್ಲವಾ ತಂಗಿ? ಜೀವಂತ ಮನಶ್ಯಾನ ಪಟಕ ಇಳಸ್ತಾರೇನು?"

"ಹಂಗಾರ ಬೆಂಕಿ ಯಾರ ತಪ್ಪ್ರಿ?"

"ಗಾಳೀದು."

ಒಂದು ಗಂಟೆ ಚರ್ಚೆ ಮಾಡಿ ಗಾಳಿಯದೇ ತಪ್ಪು ಎಂದು ತೀರ್ಮಾನಿಸಿ, ಉಪ್ಪಿಟ್ಟು ತಿಂದು ಎದ್ದುಹೋದರು. ನನ್ನ ಗಂಡ ಆ ಗಾಳಿಯನ್ನೇ ಎಷ್ಟೋ ದಿನ ಬೈದರು. ಸುಟ್ಟ ಕೈಯ ಅತ್ತೆ ಕೂಡ, "ಅಂದ ಗಾಳಿ ಭಾಳ ಇತ್ತವಾ" ಎಂದರು. ಅಂದು ಎಲೆ ಅಲುಗುವಷ್ಟೇ ಗಾಳಿ ಇತ್ತು. ಸ್ವಲ್ಪ ಜೋರಾಗಿ ಬೀಸಿದ್ದರೆ ಹಾಗೆ ಹೇಳಲು ಅತ್ತೆ ಉಳಿದಿರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಅತ್ತೆ, ನಾನು, ಕೂಲಿಯ ಹೆಂಗಸು ಮೂವರೂ ರಾತ್ರಿ ನಿದ್ದೆ ಮಾಡುವುದು ಬಿಟ್ಟೆವು. ಮಾವನಿಗೆ ಹೊತ್ತು ಗೊತ್ತಾಗುತ್ತಿರಲಿಲ್ಲ. ಯಾವಾಗ ಬೇಕಾದರೂ ಎದ್ದು, ಪಟಕ ಸುತ್ತಿಕೊಂಡು, ರವದಿ ಸುಡಬೇಕು ಎಂದು ಹೊರಡುತ್ತಿದ್ದರು. ಕಡ್ಡಿಪೆಟ್ಟಿಗೆ ಅವರ ಸೊಂಟದ ಸಂಚಿಯಲ್ಲಿ ಇರುತ್ತಿತ್ತು. ಅದಕ್ಕೆ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲ. ಮನೆಯ ಹಿಂದೆ ದನದ ಕೊಟ್ಟಿಗೆ, ಅದರ ಪಕ್ಕ ಕಣಕಿಯ, ಅಂದರೆ ಒಣ ಜೋಳದ ದಂಟಿನ, ಬಣವೆ. ಕೂಲಿಯ ಹೆಂಗಸಿನ ಗುಡಿಸಲು ಬಣವೆಯಿಂದ ಹತ್ತು ಹೆಜ್ಜೆ. ಒಬ್ಬರು ಮಲಗಿದರೆ ಇಬ್ಬರು ಎಚ್ಚರ. ಮೂರು ಜನ ಪಾಳಿ ಹಾಕಿಕೊಂಡು ಒಂದು ದೊಡ್ಡ ತಲೆಯನ್ನು ಕಾಯುತ್ತಿದ್ದೆವು.

ಅತ್ತೆಯ ಕೈಯಲ್ಲಿ ಕೀವು ತುಂಬಿದಾಗ ಮಿರಜಿಗೆ ಹೋಗಬೇಕಾಯಿತು. ಆ ನೆಪದಲ್ಲಿ ಮಾವನನ್ನೂ ಬಸ್ಸು ಹತ್ತಿಸಿದೆವು. ಅಲ್ಲಿಯ ಡಾಕ್ಟರು ಅತ್ತೆಯ ಪಟ್ಟಿ ಬದಲಿಸುತ್ತ, ಕೈ ಸುಟ್ಟದ್ದು ಹೇಗೆ ಎಂದು ಕೇಳಿದರು. ಅತ್ತೆ ಗಾಳಿಯ ಕಥೆ ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿ ಉಳಿದದ್ದನ್ನೆಲ್ಲ ಹೇಳಿದೆ. ಮಾವನಿಗೆ ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದರು.

"ವಾರ ತಿಳಕೊಂಡು ಏನ್ ಮಾಡಾವ್ರು? ನಿಮ್ಮ ಅಂಗಡಿ ದಿನಾ ತೆರದಿರ್ತೈತಲ್ಲ?" ಎಂದರು ಮಾವ. ಡಾಕ್ಟರು ನಕ್ಕರು, ನನ್ನ ಗಂಡ ಹೆಮ್ಮೆಯಿಂದ ನಕ್ಕರು. ಆಮೇಲೆ ಡಾಕ್ಟರು ತಲೆಯ ಸ್ಕ್ಯಾನ್ ಬರೆದುಕೊಟ್ಟರು.

ಸಂಜೆ ಡಾಕ್ಟರು ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಿಳಿ ಬಳೆಯಂಥ ತಲೆಬುರುಡೆ. ಅದರೊಳಗೆ ಬೂದು ಬಣ್ಣದ ಮೆದುಳು ಒಣಗಿದ ಅಕ್ರೋಟಿನ ಹಾಗೆ ಗೋಡೆಯಿಂದ ದೂರ ಸರಿದು ಕೂತಿತ್ತು. ನಡುವೆ ಕಪ್ಪು ಖಾಲಿ ಜಾಗ.

"ಬುರುಡಿ ಮೊದಲಿನಷ್ಟ ಐತಿ, ಅದು ಸಣ್ಣದಾಗೂದಿಲ್ಲ. ಒಳಗಿಂದು ಕುಗ್ಗೈತಿ. ವಯಸ್ಸಾದವರಿಗೆಲ್ಲಾ ಒಂದೀಟು ಕುಗ್ತೈತಿ, ಇವರಿಗೆ ಭಾಳ ಆಗೈತಿ" ಎಂದರು ಡಾಕ್ಟರು.

ನನ್ನ ಗಂಡ ಬಹಳ ಹೊತ್ತು ಆ ಬಿಳಿ ಬಳೆಯನ್ನೇ ನೋಡಿದರು. "ಆದ್ರೂ ದೊಡ್ಡ ತಲಿ ಐತಿ ಅಲ್ರಿ?" ಎಂದರು.

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಸಮಾಧಾನದಿಂದ ಹೇಳಿದರು: "ದೊಡ್ಡದೈತಿ. ಮೆದುಳಿನ ಗಾತ್ರ ಭಾಳ ಮಟ್ಟಿಗೆ ತಂದಿತಾಯಿ ಕಡೆಯಿಂದ ಬರ್ತೈತಿ, ನಿಮ್ಮ ಎತ್ತರ ಬಂದಂಗ. ಮುಪ್ಪಾದ ಮ್ಯಾಲೂ ಆ ಹೋಲಿಕಿ ಉಳೀತೈತಿ. ಆದ್ರ ಗಾತ್ರಕ್ಕೂ ಶಾಣ್ಯಾತನಕ್ಕೂ ನೀವು ತಿಳಕೊಂಡಂಗ ಸಂಬಂಧ ಇಲ್ಲ. ಇವರಿಗೆ ಒಡಹುಟ್ಟಿದವರು ಯಾರರೆ ಅದಾರೇನು?"

"ಅವಳಿ ಅಣ್ಣಾರು ಅದಾರ್ರಿ. ಇಬ್ಬರದೂ ಒಂದ ಅಚ್ಚು."

"ಹಂಗಾರ ಅವರನ್ನೂ ಒಮ್ಮಿ ತೋರಸ್ರಿ. ಕುಗ್ಗೂದು ಬರೀ ಹುಟ್ಟಿನಿಂದ ಅಂತ ಹೇಳಾಕ ಬರೂದಿಲ್ಲ. ಬಿ.ಪಿ. ಇರ್ತೈತಿ, ಬ್ಯಾರೆ ಕಾರಣ ಇರ್ತಾವ. ಆದ್ರೂ ನೋಡೂದು ಚಲೋ. ಮತ್ತ ಮನ್ಯಾಗ ಬೆಂಕಿ, ಮೋಟಾರು, ಔಷಧದ ಡಬ್ಬಿ ಇವರ ಕೈಗೆ ಸಿಗದಂಗ ಇಡ್ರಿ. ಇದು ಇಂದ ನಾಳೆ ಕಡಿಮಿ ಆಗೂದಲ್ಲ."

ಕಾಗವಾಡದ ಬಸ್ಸಿನಲ್ಲಿ ನನ್ನ ಗಂಡ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದರು. ಊರು ಹತ್ತಿರ ಬಂದಾಗ, ಮದುವೆಯಾದಾಗಿನಿಂದ ನಾನು ಕೇಳದಿದ್ದ ಮಾತೊಂದನ್ನು ಮೆಲ್ಲಗೆ ಆಡಿದರು.

"ನೋಡೀಗ, ನನ್ನ ತಲಿ ನಮ್ಮ ಅವ್ವನಂಗ ಐತಿ ಅನಸಾಂಗಿಲ್ಲೇನು ನಿನಗ?"

ಮುಂದಿನ ಸೀಟಿನಲ್ಲಿ ಮಾವ ಕೂತಿದ್ದರು, ಪಟಕ ಬಸ್ಸಿನ ಕುಲುಕಿಗೆ ಅಲುಗದಂತೆ ಒಂದು ಕೈಯಿಂದ ಹಿಡಿದುಕೊಂಡು.

ಮುಂದಿನ ವಾರ ದಿಗ್ಗೇವಾಡಿಗೆ ಹೋದೆವು. ಅವಳಿ ಅಣ್ಣ, ಅಂದರೆ ದೊಡ್ಡ ಮಾವ, ಅಂಗಳದ ಹೊರಸಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಅವರ ಹೆಂಡತಿ, ನಾನು ದೊಡ್ಡತ್ತೆ ಎನ್ನುತ್ತಿದ್ದವರು, ನಾವು ಬಾಯಿ ತೆರೆಯುವ ಮೊದಲೇ, "ನಮ್ಮವರಿಗೇನೂ ಆಗಿಲ್ಲ" ಎಂದರು. ಯಾರೂ ಏನೂ ಕೇಳಿರಲಿಲ್ಲ.

ಅವಳಿಗಳನ್ನು ಪಕ್ಕಪಕ್ಕ ಕೂರಿಸಿದರು. ಪದ್ಧತಿಯಂತೆ ದಾರ ತಂದರು. ಮಾವ ದಾರವನ್ನು ಅಣ್ಣನ ಹಣೆಗೆ ಸುತ್ತಿದರು. ಹಿಂದೆ ಎರಡು ತುದಿಯನ್ನೂ ಕೂಡಿಸಿದರು. ಅಲ್ಲಿಗೆ ನಿಂತರು. ಬೆರಳುಗಳು ಒಂದರ ಮೇಲೊಂದು ಹೋಗಿ ಬಂದವು, ಗಂಟು ಬೀಳಲಿಲ್ಲ. "ನೀ ಹಾಕೋ" ಎಂದು ಅಣ್ಣನ ಕೈಗೆ ಕೊಟ್ಟರು. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಆ ಕೈಗಳೂ ಅದೇ ಜಾಗಕ್ಕೆ ಬಂದು ಅದೇ ರೀತಿ ನಿಂತವು. ಹೊಲ ಮಾಡಿದವರು, ಶಾಲೆ ಮಾಡಿದವರು. ಬೇರೆ ಊರು, ಬೇರೆ ಊಟ. ಒಂದೇ ದಾರವನ್ನು ಇಬ್ಬರೂ ಒಂದೇ ಕಡೆ ಮರೆತು ಕೂತಿದ್ದರು.

"ಈ ದಾರ ಸುಮಾರ ಐತಿ" ಎಂದರು ದೊಡ್ಡ ಮಾವ.

"ಈಗಿನ ದಾರ ಹಿಂಗ" ಎಂದರು ನನ್ನ ಮಾವ.

ಅತ್ತೆ ಎದ್ದು ಒಳಗೆ ಹೋದರು. ಹಿಂದೆಯೇ ನಾನೂ ಹೋದೆ. ಅಡುಗೆಮನೆಯಲ್ಲಿ ದೊಡ್ಡತ್ತೆ ಅತ್ತೆಯ ಸುಟ್ಟ ಕೈ ಹಿಡಿದು ನೋಡಿದರು, ಪಟ್ಟಿಯ ಮೇಲೆ ಬೆರಳಾಡಿಸಿದರು. ಆಮೇಲೆ ಅವರ ಹಟ ಇಳಿಯಿತು. ಎರಡು ವರ್ಷದಿಂದ ದೊಡ್ಡ ಮಾವನೂ ಹಾಗೇ ಇದ್ದರಂತೆ. ಹೊಳೆಗೆ ಹೋಗಿ ದಾರಿ ತಪ್ಪುತ್ತಿದ್ದರು, ಒಲೆ ಹಚ್ಚಿಟ್ಟು ಮರೆಯುತ್ತಿದ್ದರು. ಜುಗೂಳದವರಿಗೆ ಗೊತ್ತಾದರೆ ಮಾನ ಹೋಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಮದುವೆ ಮುಂಜಿಯಲ್ಲಿ ಅವರನ್ನು ಮುಂದಿನ ಸಾಲಿಗೆ ಕೂರಿಸಿ, ಮಾತಾಡಲು ಬಂದವರಿಗೆಲ್ಲ ತಾವೇ ಉತ್ತರ ಕೊಡುತ್ತಿದ್ದರು. ಅದೇ ಮದುವೆಗಳಲ್ಲಿ ನಾವು ನಮ್ಮ ಮಾವನನ್ನು ಎದುರಿನ ಸಾಲಿಗೆ ಕೂರಿಸಿ, ಯಾಕೆಂದು ಕೇಳಿಕೊಳ್ಳದೆ, ಅದನ್ನೇ ಮಾಡುತ್ತಿದ್ದೆವು.

"ಕಡ್ಡಿಪೆಟಗಿ ಹೆಂಗ ಕಸಗೊಂಡ್ರಿ ದೊಡ್ಡತ್ತಿ?" ಎಂದು ಕೇಳಿದೆ.

"ಕಸಗೊಳ್ಳಾಕ ಹೋದ್ರ ಬಡ್ಯಾಕ ಬರ್ತಾರವಾ. ಅವರ ಪೆಟಗಿ ಅವರ ಕಡೇನ ಐತಿ." ದೊಡ್ಡತ್ತೆ ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಅದರ ತುಂಬ ಉರಿದು ಕರಿಯಾದ ಕಡ್ಡಿಗಳು. "ಒಲಿ ಹಚ್ಚಿದ ಕಡ್ಡಿ ಒಗಿಯೂದಿಲ್ಲ, ಇಟಕೋತೀನಿ. ಅವರು ಜಳಕಕ್ಕ ಹೋದಾಗ ಪೆಟಗಿಯಾಗಿನ ಚಲೋ ಕಡ್ಡಿ ತಗದು ಇವನ್ನ ತುಂಬತೀನಿ. ಗೀರತಾರ, ಗೀರತಾರ, ಹಸೀ ಅದಾವ ಅಂತ ಬೈದು ಒಳಗ ಇಟಕೋತಾರ. ಸಂಜಿಗೆ ಮತ್ತ ಗೀರತಾರ."

ಅತ್ತೆ ಪೊಟ್ಟಣದಿಂದ ಒಂದು ಕರಿ ಕಡ್ಡಿ ಎತ್ತಿ ನೋಡಿದರು. ಹಿರಿಯರು ಪಡಸಾಲೆ ತುಂಬ ಕೂತು ಗಾಳಿಯ ಮೇಲೆ ತಪ್ಪು ಹೊರಿಸಿದ ಆ ದಿನಕ್ಕೂ ಮುಂಚೆಯಿಂದಲೇ, ಇಲ್ಲಿ ಒಬ್ಬ ಹೆಂಗಸು ಹಿಟ್ಟಿನ ಡಬ್ಬಿಯ ಹಿಂದೆ ಉತ್ತರ ಇಟ್ಟುಕೊಂಡಿದ್ದಳು. ನಮಗೆ ಹೇಳಿರಲಿಲ್ಲ. ಹೇಳಿದ್ದರೆ ಅತ್ತೆಯ ಕೈ ಸುಡುತ್ತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಆದರೆ ನಾವು ನಮ್ಮದನ್ನು ಅವರಿಗೆ ಹೇಳಿದ್ದೆವೇ?

ವಾಪಸು ಬರುವಾಗ ಆ ಪೊಟ್ಟಣ ಅತ್ತೆಯ ಸೆರಗಿನ ಗಂಟಿನಲ್ಲಿತ್ತು. ನನ್ನ ಗಂಡನಿಗೆ ನಾನು ಬಸ್ಸಿನಲ್ಲೇ ಹೇಳಿದೆ. "ಅಪ್ಪಗ ಮೋಸ ಮಾಡಿದಂಗ ಆಗೂದಿಲ್ಲೇನು?" ಎಂದರು. ಅತ್ತೆ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಅವರ ಮುಂದೆ ಹಿಡಿದರು. ಇವರು ಕಿಟಕಿಯ ಕಡೆ ತಿರುಗಿ ಕೂತರು.

ಮರುದಿನ ಬೆಳಿಗ್ಗೆ ಮಾವ ಜಳಕಕ್ಕೆ ಹೋದಾಗ ಅತ್ತೆ ಒಂದೇ ಕೈಯಿಂದ ಪೆಟ್ಟಿಗೆ ಖಾಲಿ ಮಾಡಿ ತುಂಬಿದರು. ಒಳ್ಳೆಯ ಕಡ್ಡಿಗಳನ್ನು ನಾನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಕೂಲಿಯ ಹೆಂಗಸು ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. "ಇಷ್ಟ ಕೆಲಸಕ್ಕ ಮಿರಜಿಗೆ, ದಿಗ್ಗೇವಾಡಿಗೆ ಹೋಗಿ ಬಂದ್ರ್ಯಾ?" ಎಂದಳು.

ಊಟವಾದ ಮೇಲೆ ಮಾವ ಪಟಕ ಸುತ್ತಿಕೊಂಡು ಬಣವೆಯ ಕಡೆ ನಡೆದರು. ನಾವೆಲ್ಲ ಹಿಂದೆ ನಿಂತೆವು. ನನ್ನ ಕೈಯಲ್ಲಿ ತುಂಬಿದ ಕೊಡ ಇತ್ತು, ನಂಬಿಕೆ ಇರಲಿಲ್ಲ. ಅವರು ಬಗ್ಗಿ, ಕಣಕಿಯ ಬುಡಕ್ಕೆ ಹತ್ತಿರ ಹಿಡಿದು, ಗೀರಿದರು. ಮತ್ತೆ ಗೀರಿದರು. ಆರೇಳು ಕಡ್ಡಿ ಮುರಿದವು. ಎದ್ದು ನಿಂತು ನಮ್ಮ ಕಡೆ ತಿರುಗಿದರು.

"ಕಡ್ಡಿ ಹಸೀ ಅದಾವ. ಬಿಸಲಿಗೆ ಇಡ್ರಿ. ನಾಳಿಗೆ ಸುಡೂಣು."

"ಹೂಂನ್ರಿ" ಎಂದರು ಅತ್ತೆ.

ಪೆಟ್ಟಿಗೆ ಸಂಚಿಗೆ ಹೋಯಿತು. ಪಟಕ ತಲೆಯ ಮೇಲೇ ಉಳಿಯಿತು, ಹನ್ನೆರಡು ಮೊಳವೂ. ಅಂದು ರಾತ್ರಿ ಕಾಯುವ ಪಾಳಿಯ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನ ಹಾಲು ಹಿಂಡುವ ಹೊತ್ತು ಮೀರಿ ಎಮ್ಮೆಗಳು ಒದರತೊಡಗಿದಾಗಲೇ ನಮಗೆ ಎಚ್ಚರವಾಯಿತು. ಬಿಸಿಲು ಹಾಸಿಗೆಯ ತನಕ ಬಂದಿತ್ತು.